ನಿದ್ರೆ ಮಾತ್ರೆ ಮತ್ತು ಮದ್ಯ: ಬೆರೆಸಬಾರದ ಜೋಡಿ



ಮುಂಗಾರು ಹತ್ತಿರ ಬಂದಾಗ ಸಂಘದ ಕಚೇರಿಯಲ್ಲಿ ನಾವು ತಪ್ಪದೆ ಕೇಳಿಸಿಕೊಳ್ಳುವ ಪ್ರಶ್ನೆಯೊಂದುಂಟು. ಬೋರ್ಡೋ ದ್ರಾವಣದ ಡ್ರಮ್ಮಿಗೆ ಇನ್ನೊಂದು ಔಷಧಿಯನ್ನೂ ಸೇರಿಸಿ ಒಟ್ಟಿಗೆ ಹೊಡೆಯಬಹುದೇ ಎಂಬುದು ಆ ಪ್ರಶ್ನೆ. ತಿಳಿದವರನ್ನು ಕೇಳದೆ ಬೆರೆಸಬೇಡಿ, ಸಂಶಯವಿದ್ದರೆ ಬೇರೆ ಬೇರೆಯಾಗಿಯೇ ಹೊಡೆಯಿರಿ ಎಂದು ನಾವು ಹೇಳುತ್ತೇವೆ. ಸದಸ್ಯರೂ ಹಾಗೆಯೇ ನಡೆಯುತ್ತಾರೆ. ಅಡಿಕೆ ಕೊನೆಗೆ ಬೀಳುವ ಔಷಧಿಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು, ನಮ್ಮ ಹೊಟ್ಟೆಯಲ್ಲಿ ಬೆರೆಯುವ ಎರಡು ವಸ್ತುಗಳ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಸಂಜೆಯ ಮದ್ಯ ಒಂದು, ರಾತ್ರಿಯ ನಿದ್ರೆ ಮಾತ್ರೆ ಇನ್ನೊಂದು. ಈ ಸಲ ಬೆಳೆ, ಬೆಲೆ, ಗೊಬ್ಬರಗಳ ವಿಚಾರವನ್ನು ಬದಿಗಿಟ್ಟು ಈ ಬೆರಕೆಯನ್ನು ಕುರಿತು ಬರೆಯಲು ಕಾರಣವಿದೆ.

ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ನೆರೆಯ ಊರಿನಲ್ಲಿ ಒಂದು ಬೀಗರೂಟ ನಡೆಯಿತು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಅಲ್ಲಿಗೆ ಬಂದಿದ್ದರು. ಬೆನ್ನು ನೋವಿಗೊಂದು, ನಿದ್ರೆಗೊಂದು ಎಂದು ಅವರು ಕೆಲವು ವರ್ಷಗಳಿಂದ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕುಡಿತದ ಚಟವಿದ್ದವರಲ್ಲ. ಅಂದು ಸ್ನೇಹಿತರ ಒತ್ತಾಯಕ್ಕೆ ಮೂರು ನಾಲ್ಕು ಪೆಗ್ಗು ತೆಗೆದುಕೊಂಡರು. ರಾತ್ರಿ ಹತ್ತಕ್ಕೆ ಮನೆ ಸೇರಿದರು. ಮನೆಯಾಕೆ ನೆನಪಿನಿಂದ ಎರಡು ಮಾತ್ರೆಗಳನ್ನೂ ನೀರನ್ನೂ ತಂದುಕೊಟ್ಟರು. ನಡುರಾತ್ರಿ ಅವರ ಗೊರಕೆ ಪಕ್ಕದ ಕೋಣೆಗೂ ಕೇಳುತ್ತಿತ್ತಂತೆ. "ಪಾಪ, ಇವತ್ತಾದರೂ ಒಳ್ಳೆ ನಿದ್ದೆ ಹತ್ತಿತು" ಎಂದು ಮನೆಯವರು ಬಾಗಿಲು ಎಳೆದುಕೊಂಡರು. ಬೆಳಗ್ಗೆ ಕಾಫಿ ಕೊಡಲು ಹೋದಾಗ ಮೈ ತಣ್ಣಗಾಗಿತ್ತು. ಊರವರೆಲ್ಲ ಹೃದಯಾಘಾತವೆಂದೇ ತಿಳಿದೆವು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಮಾತ್ರ, ಮದ್ಯದ ಮೇಲೆ ಈ ಮಾತ್ರೆಗಳು ಬಿದ್ದು ಉಸಿರು ನಿಂತಿದೆ ಎಂದು ತಿಳಿಸಿದರು.

ಮನೆಯವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಇದನ್ನು ಬರೆದಿದ್ದೇವೆ. "ಮರೆಯದೆ ಮಾತ್ರೆ ಕೊಟ್ಟವಳು ನಾನೇ" ಎಂದು ಆ ತಾಯಿ ಇಂದಿಗೂ ಕಣ್ಣೀರಿಡುತ್ತಾರೆ. ಅವರದೇನೂ ತಪ್ಪಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಆ ಊಟಕ್ಕೆ ನಾವೂ ಹೋಗಿದ್ದೆವು. "ಇನ್ನೊಂದು ಆಗಲಿ" ಎಂದು ಒತ್ತಾಯ ಮಾಡಿದವರಲ್ಲಿ ನಾವೂ ಒಬ್ಬರು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದಕ್ಕೊಂದು ಸೇರಿದರೆ ಎರಡಲ್ಲ

ನಮ್ಮ ಮಿದುಳಿನಲ್ಲಿ ನರಗಳ ಚಟುವಟಿಕೆಯನ್ನು ಹಿಡಿತದಲ್ಲಿಡಲು ಗಾಬಾ ಎಂಬ ರಾಸಾಯನಿಕವಿದೆ. ಘಾಟಿ ಇಳಿಯುವ ಜೀಪಿಗೆ ಬ್ರೇಕು ಹೇಗೋ ಹಾಗೆ. ನಿದ್ರೆ ಮಾತ್ರೆಗಳು ಈ ಬ್ರೇಕನ್ನು ಒತ್ತುತ್ತವೆ. ಆದುದರಿಂದಲೇ ಮನಸ್ಸು ಶಾಂತವಾಗಿ ನಿದ್ರೆ ಬರುತ್ತದೆ. ಮದ್ಯವೂ ಇದೇ ಬ್ರೇಕನ್ನು ಇನ್ನೊಂದು ಕಡೆಯಿಂದ ಒತ್ತುತ್ತದೆ. ಎರಡೂ ಒಟ್ಟಿಗೆ ಒತ್ತಿದಾಗ ಆಗುವ ಪರಿಣಾಮ ಒಂದೊಂದರ ಪರಿಣಾಮವನ್ನು ಕೂಡಿದ್ದಕ್ಕಿಂತ ಹೆಚ್ಚಾಗಬಲ್ಲದು. ಒಬ್ಬನೇ ಮನುಷ್ಯ ಮಾತ್ರೆಯನ್ನೂ ತಡೆದುಕೊಂಡಾನು, ಮದ್ಯವನ್ನೂ ತಡೆದುಕೊಂಡಾನು. ಎರಡೂ ಕೂಡಿದ ದಿನ ತಡೆಯಲಾರ.

ನಾವು ನಿದ್ರಿಸುವಾಗಲೂ ಉಸಿರಾಟ ನಡೆಯುವುದು ಮಿದುಳಿನ ಬುಡಭಾಗದ ಕಾವಲಿನಿಂದ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಅದು ಎಚ್ಚೆತ್ತು "ಉಸಿರೆಳೆ" ಎಂದು ಆಜ್ಞೆ ಕೊಡುತ್ತದೆ. ಮದ್ಯ ಮತ್ತು ಮಾತ್ರೆ ಕೂಡಿದಾಗ ಈ ಕಾವಲು ಮಂಕಾಗುತ್ತದೆ. ಉಸಿರು ನಿಧಾನವಾಗುತ್ತದೆ, ಆಳ ಕಡಮೆಯಾಗುತ್ತದೆ, ಕಡೆಗೆ ನಿಂತೇ ಹೋಗಬಹುದು. ಇದರ ಜೊತೆಗೆ ನಾಲಿಗೆ ಸಡಿಲಾಗಿ ಗಂಟಲಿಗೆ ಅಡ್ಡ ಬೀಳುತ್ತದೆ. ವಾಂತಿಯಾದರೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲವಾದ್ದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಳೆಯ ಕಾಲದ ನಿದ್ರೆ ಔಷಧಿಗಳಾದ ಬಾರ್ಬಿಟ್ಯುರೇಟುಗಳು ಅಳತೆ ಮೀರಿದರೆ ಒಂಟಿಯಾಗಿಯೇ ಕೊಲ್ಲುತ್ತಿದ್ದವು. ಲಿಬ್ರಿಯಂ 1960ರಲ್ಲಿ, ವೇಲಿಯಂ 1963ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ವೈದ್ಯರು ಅವುಗಳ ಕಡೆಗೆ ತಿರುಗಿದರು. ಈ ಹೊಸ ಗುಂಪಿನ ಮಾತ್ರೆ ಒಂಟಿಯಾಗಿ ಪ್ರಾಣ ತೆಗೆಯುವುದು ಅಪರೂಪ. ಅದರಿಂದಲೇ ಇದು ನಿರಪಾಯಕರ ಎಂಬ ನಂಬಿಕೆ ಜನರಲ್ಲಿ ಬೇರೂರಿತು. ಆದರೆ ಆ ಸುರಕ್ಷಿತತೆ ಒಂಟಿ ಮಾತ್ರೆಗೆ ಸೇರಿದ್ದು. ಜೊತೆಯಲ್ಲಿ ಮದ್ಯ ಬಿದ್ದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು.

ಕಲಬೆರಕೆ ಮಾಡುವವರು ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು. ನೆರೆಯ ತೆಲಂಗಾಣದಲ್ಲಿ ಶೇಂದಿಗೆ ಆಲ್‌ಪ್ರಜೋಲಾಮ್, ಡಯಾಜೆಪಾಮ್, ಕ್ಲೋರಲ್ ಹೈಡ್ರೇಟ್ ಬೆರೆಸಿ ಮಾರಿದ ಪ್ರಕರಣಗಳು ಮೇಲಿಂದ ಮೇಲೆ ಪತ್ತೆಯಾಗಿವೆ. ಸ್ವಲ್ಪ ಶೇಂದಿಗೆ ಹೆಚ್ಚು ಅಮಲು ಬರಲೆಂದೇ ಅವರು ಹೀಗೆ ಮಾಡುವುದು. ಅವರು ದುಡ್ಡಿಗಾಗಿ ತಿಳಿದು ಮಾಡುವುದನ್ನು ನಾವು ಮನೆಯಲ್ಲಿ ತಿಳಿಯದೆ ಮಾಡಿಕೊಳ್ಳುತ್ತಿದ್ದೇವೆ.

ಯಾವ ಯಾವ ಮಾತ್ರೆಗಳು?

"ನಾನು ನಿದ್ರೆ ಮಾತ್ರೆ ನುಂಗುವುದೇ ಇಲ್ಲ" ಎನ್ನುವವರ ಮನೆಯ ಕಪಾಟಿನಲ್ಲೂ ಈ ಜಾತಿಯ ಔಷಧಿ ಇರುತ್ತದೆ. ಸದಸ್ಯರು ತಮ್ಮ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಸರನ್ನು ಓದಬೇಕು. ಕಂಪೆನಿ ಇಟ್ಟ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ಔಷಧಿಯ ನಿಜವಾದ ಹೆಸರು ಸಣ್ಣದಾಗಿ ಅಚ್ಚಾಗಿರುತ್ತದೆ. ಓದಲಾಗದಿದ್ದರೆ ಮನೆಯ ಮಕ್ಕಳ ಕೈಯಲ್ಲಿ ಓದಿಸಿರಿ.

1. ನಿದ್ರೆಗೆ ಮತ್ತು ಗಾಬರಿಗೆ ಕೊಡುವವು: ಆಲ್‌ಪ್ರಜೋಲಾಮ್, ಡಯಾಜೆಪಾಮ್, ಕ್ಲೋನಜೆಪಾಮ್, ಲೋರಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್.

2. ಮೂರ್ಛೆ ರೋಗಕ್ಕೆ ಕೊಡುವ ಫೀನೋಬಾರ್ಬಿಟೋನ್, ಕ್ಲೋಬಜಾಮ್.

3. ತೀವ್ರ ನೋವಿಗೆ ಕೊಡುವ ಟ್ರಮಡಾಲ್, ಟಪೆಂಟಡಾಲ್. ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್. ಇವು ಅಫೀಮಿನ ವರ್ಗಕ್ಕೆ ಸೇರಿದವು. ಇವು ಹಿಡಿಯುವ ದಾರಿ ಬೇರೆ, ಆದರೆ ಉಸಿರಾಟದ ಕಾವಲನ್ನು ಇವೂ ಮಂಕು ಮಾಡುತ್ತವೆ. ನಿದ್ರೆ ಮಾತ್ರೆ, ಈ ನೋವಿನ ಮಾತ್ರೆ ಮತ್ತು ಮದ್ಯ ಮೂರೂ ಕೂಡಿದರೆ ಅಪಾಯ ಬಹಳ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಈ ಎರಡು ಬಗೆಯ ಮಾತ್ರೆಗಳನ್ನು ಜೊತೆಯಾಗಿ ಕೊಡುವುದರ ವಿರುದ್ಧ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು.

4. ನರದ ನೋವಿಗೆ, ಸಕ್ಕರೆ ಕಾಯಿಲೆಯವರ ಕಾಲುರಿಗೆ ಕೊಡುವ ಪ್ರೀಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್.

5. ನೆಗಡಿಗೆ, ತುರಿಕೆಗೆ, ಪ್ರಯಾಣದ ವಾಂತಿಗೆ ಅಂಗಡಿಯಿಂದ ನೇರವಾಗಿ ತರುವ ಮಾತ್ರೆಗಳಲ್ಲಿ ಅನೇಕವು. ಕ್ಲೋರ್‌ಫೆನಿರಮೈನ್, ಪ್ರೋಮೆಥಜೈನ್ ಇದಕ್ಕೆ ಉದಾಹರಣೆ. ಇವುಗಳ ಬಲ ಮೇಲಿನವುಗಳಿಗಿಂತ ಕಡಮೆ, ಆದರೂ ಮದ್ಯದ ಜೊತೆಗೆ ಮಂಪರು ಹೆಚ್ಚಾಗುತ್ತದೆ.

ಆಲ್‌ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮುಂತಾದವನ್ನು ಸರಕಾರ ಎಚ್-1 ಎಂಬ ಪಟ್ಟಿಯಲ್ಲಿಟ್ಟಿದೆ. 2014ರ ಮಾರ್ಚಿಯಿಂದ ಜಾರಿಯಲ್ಲಿರುವ ಈ ನಿಯಮದಂತೆ ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಪಟ್ಟಿಯ ಮೇಲೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಅಚ್ಚಾಗಿರುತ್ತದೆ. ಪರಿಚಯದ ಅಂಗಡಿಯೆಂದು ಚೀಟಿ ಇಲ್ಲದೆ ತರಿಸುವುದು, ಪಕ್ಕದ ಮನೆಯವರ ಮಾತ್ರೆಯನ್ನು "ನಮಗೂ ಒಂದು ಕೊಡಿ" ಎಂದು ಈಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಇದನ್ನು ನಿಲ್ಲಿಸಬೇಕು.

ಗಡಿಯಾರದ ಲೆಕ್ಕ

ಅನೇಕರು ಕೇಳುವ ಪ್ರಶ್ನೆ: "ಸಂಜೆ ಕುಡಿದು, ಮಲಗುವಾಗ ಮಾತ್ರೆ ತೆಗೆದುಕೊಂಡರೆ ಆಗದೇ? ನಡುವೆ ಎರಡು ಗಂಟೆ ಅಂತರವಿರುತ್ತದಲ್ಲ?" ಈ ಅಂತರ ಏನೇನೂ ಸಾಲದು.

ಬಾಟಲಿಯ ವಿಸ್ಕಿ, ಬ್ರಾಂದಿ, ರಮ್ಮುಗಳ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. ಇದನ್ನು ಅರಗಿಸಲು ನಮ್ಮ ಪಿತ್ತಜನಕಾಂಗಕ್ಕೆ ಸುಮಾರು ಒಂದು ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ಆರು ಸಣ್ಣ ಪೆಗ್ಗು. ರಾತ್ರಿ ಒಂಬತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತ ಮದ್ಯದಿಂದ ಬಿಡುಗಡೆಯಾಗುವುದು ಬೆಳಗಿನ ಜಾವದ ಮೂರರಿಂದ ಆರರ ಹೊತ್ತಿಗೆ. ಬೀರನ್ನು ಮದ್ಯವೆಂದೇ ಎಣಿಸದವರೂ ಇದ್ದಾರೆ. 650 ಮಿಲಿಲೀಟರಿನ ಸ್ಟ್ರಾಂಗ್ ಬೀರಿನ ಬಾಟಲಿಯೊಂದು ಮೂರು ನಾಲ್ಕು ಸಣ್ಣ ಪೆಗ್ಗಿಗೆ ಸಮ. ಕಳ್ಳಭಟ್ಟಿಗಾದರೋ ಅಳತೆಯೇ ಇಲ್ಲ.

ಇನ್ನು ಮಾತ್ರೆಯ ಕಡೆಗೆ ನೋಡಿದರೆ, ನುಂಗಿದ ಆಲ್‌ಪ್ರಜೋಲಾಮಿನ ಅರ್ಧ ಕರಗಲು ಸುಮಾರು 11 ಗಂಟೆ ಬೇಕು. ಕ್ಲೋನಜೆಪಾಮಿಗೆ 30ರಿಂದ 40 ಗಂಟೆ. ಡಯಾಜೆಪಾಮಿಗೆ ಒಂದು ದಿನದಿಂದ ಎರಡು ದಿನ. ಹಾಗಾಗಿ ಸೋಮವಾರ ರಾತ್ರಿ ನುಂಗಿದ ಮಾತ್ರೆ ಮಂಗಳವಾರ ಸಂಜೆಯ ಮದ್ಯಕ್ಕಾಗಿ ಮೈಯಲ್ಲಿ ಕಾದೇ ಕುಳಿತಿರುತ್ತದೆ. ವಯಸ್ಸಾದಂತೆ ಈ ಕರಗುವಿಕೆ ಇನ್ನೂ ನಿಧಾನ. ಗೂರಲು, ಉಬ್ಬಸ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಪಿತ್ತಜನಕಾಂಗದ ಕಾಯಿಲೆ ಇರುವವರಿಗಂತೂ ಅಪಾಯ ಹೆಚ್ಚು.

ಆದಕಾರಣ "ಎಷ್ಟು ಗಂಟೆ ಬಿಟ್ಟು ಕುಡಿಯಬಹುದು" ಎಂಬುದಕ್ಕೆ ಸುಲಭದ ಉತ್ತರವಿಲ್ಲ. ಮಾತ್ರೆ ನಡೆಯುತ್ತಿರುವಷ್ಟು ದಿನ ಮದ್ಯ ಬೇಡ ಎಂಬುದೇ ಸರಿಯಾದ ಉತ್ತರ.

ಪ್ರಾಣಕ್ಕೆ ಅಪಾಯವಾಗದಿದ್ದರೂ ಮರುದಿನದ ಮಂಪರು ಉಳಿದೇ ಇರುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ತೋಟದ ಒಂದು ಬದಿ ಕುಸಿದ ಮೇಲೆ ನಮಗೂ ನಿದ್ರೆ ಹಾರಿಹೋಗಿತ್ತು. ವೈದ್ಯರು ಮಾತ್ರೆ ಬರೆದುಕೊಟ್ಟರು. ಕುಡಿಯುತ್ತೀರಾ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಒಂದು ಬೆಳಗ್ಗೆ ಪಂಪ್‌ಸೆಟ್ಟಿನ ಮೆಟ್ಟಿಲಲ್ಲಿ ಕಾಲು ತಪ್ಪಿ ಬಿದ್ದು ಮುಂಗೈ ಮುರಿಯಿತು. ಪಾಚಿ ಜಾರಿತೆಂದು ಮನೆಯಲ್ಲಿ ಹೇಳಿದೆವು. ಹಿಂದಿನ ರಾತ್ರಿಯ ಎರಡು ಪೆಗ್ಗು ಮತ್ತು ಮಾತ್ರೆಯ ಸಂಗತಿಯನ್ನು ಹೇಳಲಿಲ್ಲ. ಅಡಿಕೆ ಮರ ಏರುವ ಕೊನೆಗಾರ, ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವವ, ಕಳೆ ಕೊಚ್ಚುವ ಯಂತ್ರ ಹಿಡಿಯುವವ, ಜೀಪು ನಡೆಸುವವ ಇದೇ ಸ್ಥಿತಿಯಲ್ಲಿದ್ದರೆ ಮುಂಗೈಯಷ್ಟಕ್ಕೇ ಮುಗಿಯುವುದಿಲ್ಲ.

ಗೊರಕೆಯನ್ನು ನಂಬಬೇಡಿ

1975ರ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕರೆನ್ ಆನ್ ಕ್ವಿನ್ಲನ್ ಎಂಬ 21 ವರ್ಷದ ಯುವತಿ ಸ್ನೇಹಿತರ ಔತಣಕ್ಕೆ ಹೋಗಿದ್ದಳು. ತೆಳ್ಳಗಾಗಬೇಕೆಂದು ಆಹಾರ ಬಿಟ್ಟಿದ್ದ ಆಕೆಯ ಮೈಗೆ ಅಂದು ಮದ್ಯವೂ ಮಂಪರಿನ ಮಾತ್ರೆಯೂ ಸೇರಿದವು. ತಲೆ ತಿರುಗಿದ್ದರಿಂದ ಸ್ನೇಹಿತರು ಮನೆಗೆ ಕರೆತಂದು ಮಲಗಿಸಿದರು. ಸುಮಾರು ಕಾಲು ಗಂಟೆಯ ಅನಂತರ ನೋಡಿದಾಗ ಉಸಿರು ನಿಂತಿತ್ತು. ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು, ಪ್ರಜ್ಞೆ ಮರಳಲಿಲ್ಲ. ಕೃತಕ ಉಸಿರಾಟವನ್ನು ನಿಲ್ಲಿಸಲು ತಂದೆತಾಯಿ ನ್ಯಾಯಾಲಯಕ್ಕೆ ಹೋದದ್ದೂ, 1976ರಲ್ಲಿ ಅದಕ್ಕೆ ಒಪ್ಪಿಗೆ ದೊರೆತದ್ದೂ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಯಂತ್ರ ತೆಗೆದ ಮೇಲೂ ಆಕೆ ತಾನೇ ಉಸಿರಾಡುತ್ತ, ಎಚ್ಚರವಿಲ್ಲದೆ 1985ರ ತನಕ ಬದುಕಿದ್ದಳು. ನ್ಯಾಯಾಲಯದ ವಿಚಾರ ಬೇರೆ. ನಾವು ಗಮನಿಸಬೇಕಾದುದು ಆ ಕಾಲು ಗಂಟೆಯನ್ನು. ಮಲಗಿಸಿದವರು ಕೆಟ್ಟವರಲ್ಲ. ಮಲಗಿದರೆ ಸರಿಹೋಗುತ್ತದೆ ಎಂದು ನಾವು ನೀವು ತಿಳಿದಂತೆ ಅವರೂ ತಿಳಿದಿದ್ದರು.

ಕುಡಿದು ಮಾತ್ರೆ ನುಂಗಿದವರ ಕೆಳಕಂಡ ಲಕ್ಷಣಗಳನ್ನು ನಿದ್ರೆಯೆಂದು ತಿಳಿಯಬಾರದು: ಹೆಸರು ಹಿಡಿದು ಕೂಗಿದರೂ, ಭುಜ ಅಲುಗಾಡಿಸಿದರೂ, ಕಿವಿಯ ಹಾಲೆ ಚಿವುಟಿದರೂ ಏಳದಿರುವುದು, ಎಂದೂ ಇಲ್ಲದ ಗಟ್ಟಿ ಗೊರಕೆ, ಗಂಟಲಲ್ಲಿ ನೀರು ಕುದಿಯುವಂತಹ ಗೊರಗೊರ ಶಬ್ದ, ಉಸಿರಿಗೂ ಉಸಿರಿಗೂ ನಡುವೆ ಬಹಳ ಅಂತರ, ತುಟಿ, ಉಗುರು ನೀಲಿಗಟ್ಟುವುದು, ಮೈ ತಣ್ಣಗಾಗುವುದು. ಇಂತಹ ಗೊರಕೆ ಗಾಳಿಯ ದಾರಿ ಅರ್ಧ ಮುಚ್ಚಿರುವುದರ ಗುರುತು.

ಆಗ ಮಾಡಬೇಕಾದುದು

1. ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲನ್ನು ಮಡಿಸಿ ಮುಂದಕ್ಕೆ ಇಡಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿ, ಬಾಯಿ ನೆಲದ ಕಡೆಗಿರಲಿ. ಬಾಯಲ್ಲಿ ಕವಳ ಇದ್ದರೆ, ಕಾಣುವಷ್ಟನ್ನು ಹೊರತೆಗೆಯಿರಿ. ಅಂಗಾತ ಮಲಗಿಸಬಾರದು.

2. 108ಕ್ಕೆ ಫೋನು ಮಾಡಿ. ಮಳೆಗಾಲದಲ್ಲಿ ಧರೆ ಕುಸಿದು, ಮರ ಬಿದ್ದು ವಾಹನ ತಡವಾಗುವುದು ನಮಗೆ ಹೊಸತಲ್ಲ. ಹಾಗಿದ್ದಲ್ಲಿ ಮನೆಯ ಜೀಪಿನಲ್ಲೇ ಹೊರಡಿ. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ, ಉಸಿರನ್ನು ನೋಡಿಕೊಳ್ಳಲು ಒಬ್ಬರು ಜೊತೆಗಿರಬೇಕು.

3. ಬಾಯಿಗೆ ಏನನ್ನೂ ಹಾಕಬೇಡಿ. ಮಜ್ಜಿಗೆ, ನಿಂಬೆರಸ, ಹುಣಿಸೆ ನೀರು ಯಾವುದೂ ಬೇಡ. ನಾವೇ ಬೆಳೆದ ಕಾಫಿಯ ಮೇಲೆ ನಮಗೆ ಅಭಿಮಾನವಿದ್ದರೂ, ಕಡು ಕಾಫಿ ಕುಡಿಸಿದರೆ ಅಮಲು ಇಳಿಯುತ್ತದೆಂಬುದು ಸುಳ್ಳು. ಕಾಫಿ ಮದ್ಯವನ್ನು ಬೇಗ ಕರಗಿಸಲಾರದು. ಎಚ್ಚರವಿಲ್ಲದವರ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣೀರು ಸುರಿಯುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ.

4. ಉಸಿರು ನಿಂತಿದ್ದರೆ ತಡ ಮಾಡದೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಯಿಟ್ಟು ನಿಮಿಷಕ್ಕೆ 100ರಿಂದ 120ರಂತೆ ಬಲವಾಗಿ ಒತ್ತುತ್ತಿರಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಕಲಿತವರಿದ್ದರೆ ಅದನ್ನೂ ಮಾಡಲಿ.

5. ಮಾತ್ರೆಯ ಪಟ್ಟಿಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಆಸ್ಪತ್ರೆಗೆ ಒಯ್ಯಿರಿ. ಕುಡಿದದ್ದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಕೆಲವು ಮಾತ್ರೆಗಳಿಗೆ ಪ್ರತ್ಯೌಷಧವಿದೆ. ಯಾವುದನ್ನು ನುಂಗಿದ್ದಾರೆಂದು ತಿಳಿದರೆ ವೈದ್ಯರಿಗೆ ಸಮಯ ಉಳಿಯುತ್ತದೆ.

ಥಟ್ಟನೆ ನಿಲ್ಲಿಸುವುದೂ ಅಪಾಯ

ಇದನ್ನು ಓದಿ ಕೆಲವರು ಇಂದೇ ಮಾತ್ರೆಯನ್ನು ಎಸೆದುಬಿಡಬಹುದು. ಹಾಗೆ ಮಾಡಬಾರದು. ತಿಂಗಳುಗಟ್ಟಲೆ ನಿದ್ರೆ ಮಾತ್ರೆ ನುಂಗಿದವರು ಒಮ್ಮೆಲೇ ಬಿಟ್ಟರೆ ನಡುಕ, ಗಾಬರಿ, ಮೂರ್ಛೆ ಸಹ ಬರಬಹುದು. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದಾಗಲೂ ಇದೇ ಕಥೆ. ಎರಡನ್ನೂ ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಇಳಿಸಬೇಕು. ಅದುವರೆಗೆ ಒಂದರ ಮೇಲೊಂದು ಬೀಳದಂತೆ ಏನು ಮಾಡಬೇಕೆಂದು ಅವರನ್ನೇ ಕೇಳಬೇಕು.

ಕುಡಿತ ಬಿಡಿಸಲು ವೈದ್ಯರು ಕೊಡುವ ಮಾತ್ರೆಗಳಲ್ಲಿ ಕೆಲವು ಇದೇ ನಿದ್ರೆ ಮಾತ್ರೆಯ ಗುಂಪಿನವು. ಅವುಗಳ ಮೇಲೆ ಕುಡಿದರೆ ಮೇಲೆ ಹೇಳಿದ ಅಪಾಯವೆಲ್ಲ ಉಂಟು. ಅಂತೆಯೇ, ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಮಾರುವ ಪುಡಿಗಳನ್ನು ದಯವಿಟ್ಟು ತರಬೇಡಿ. ಅದರಲ್ಲಿ ಏನಿದೆಯೆಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ನಿದ್ರೆ ಬಾರದಿರುವುದರ ಹಿಂದೆ ಸಾಲದ ಚಿಂತೆಯೋ ಮನಸ್ಸಿನ ಬೇಸರವೋ ಇದ್ದರೆ ಸರಕಾರದ ಟೆಲಿಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ನಮ್ಮೆಲ್ಲರ ಪಾಲಿನ ಕೆಲಸ

ವೈದ್ಯರ ಬಳಿ ಹೋದಾಗ "ನಾನು ಇಷ್ಟು ಕುಡಿಯುತ್ತೇನೆ" ಎಂದು ನಾವಾಗಿಯೇ ಹೇಳಬೇಕು. ಬೇರೆ ವೈದ್ಯರು ಕೊಟ್ಟ ಮಾತ್ರೆಗಳನ್ನೂ ತೋರಿಸಬೇಕು. ಮನೆಯಲ್ಲಿ ಮಾತ್ರೆ ಕೊಡುವವರು, ಹೆಚ್ಚಾಗಿ ಅದು ಹೆಂಗಸರ ಕೆಲಸ, ಕುಡಿದು ಬಂದ ರಾತ್ರಿ ಮಂಪರಿನ ಮಾತ್ರೆಯನ್ನು ಕೊಡದೆ ವೈದ್ಯರನ್ನು ಕೇಳಬೇಕು. ಮೂರ್ಛೆಯ ಮಾತ್ರೆಯಂತಹವನ್ನು ತಪ್ಪಿಸುವುದೂ ಅಪಾಯವಾದ್ದರಿಂದ ಕುಡಿದ ರಾತ್ರಿ ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮೊದಲೇ ತಿಳಿದು ಬರೆದಿಟ್ಟುಕೊಳ್ಳುವುದು ಲೇಸು.

ಇನ್ನು ಊಟಕ್ಕೆ ಕರೆಯುವ ನಾವು. ಮಲೆನಾಡಿನ ಉಪಚಾರಕ್ಕೆ ಹೆಸರಿದೆ. ಬೇಡವೆಂದವರಿಗೂ ಬಡಿಸುವುದೇ ನಮ್ಮ ಪದ್ಧತಿ. ಹೋಳಿಗೆಗೆ ಆ ಪದ್ಧತಿ ಇರಲಿ. ಗ್ಲಾಸಿಗೆ ಬೇಡ. "ಬೇಡ, ಮಾತ್ರೆ ತಗೋತಿದ್ದೀನಿ" ಎಂದು ಒಬ್ಬರು ಹೇಳಿದರೆ ಅಲ್ಲಿಗೆ ಮಾತು ಮುಗಿಯಬೇಕು. ನಮ್ಮ ಹಿರಿಯ ಸದಸ್ಯರು ಅಂದು ರಾತ್ರಿ ಎರಡು ಬಾರಿ ಬೇಡವೆಂದಿದ್ದರು. ಮೂರನೆಯ ಬಾರಿ ನಾವು ಕೇಳಬಾರದಿತ್ತು.

ಈ ಹಾಳೆಯನ್ನು ಕತ್ತರಿಸಿ ಮನೆಯ ಮಾತ್ರೆ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ. ಲೈನ್ ಮನೆಗಳಲ್ಲಿರುವ ಕೆಲಸಗಾರರಿಗೂ ಓದಿ ಹೇಳಿರಿ.

ಕಾರ್ಯದರ್ಶಿ